ಮಲ್ಪೆ–ಕಾಪು ಕಡಲದಂಡೆ ದಾರಿ: ದಾವಣಗೆರೆಯಿಂದ ಸಲೀಸಾದ ಸೈಕಲ್ ಸವಾರಿಗೆ ತಯಾರಿ ಹೇಗೆ?

ಪಿಜೆ ಬಡಾವಣೆ ಪೆಡಲ್ | ದಾವಣಗೆರೆ

ಡಿಸೆಂಬರ್ ಕೊನೆ ವಾರ ಆರು ಜನ ಕಡಲ ಕಡೆ ಸೈಕಲ್ ಹೊಡೆಯೋ ಲೆಕ್ಕಾಚಾರ. ಹನ್ನೊಂದು ವರ್ಷದ ಇಬ್ಬರು ಹುಡುಗರು, ಅರವತ್ತು ದಾಟಿದವರು ಒಬ್ಬರು, ಉಳಿದ ಮೂವರು ವಾರಕ್ಕೊಮ್ಮೆ ಕೊಂಡಜ್ಜಿ ಕೆರೆವರೆಗೆ ಹೋಗಿ ಬರೋರು. ಏರು ಇರಬಾರದು, ಲಾರಿ ಇರಬಾರದು, ಸಮುದ್ರ ಕಣ್ಣಿಗೆ ಬೀಳ್ತಾ ಇರಬೇಕು, ದಿನಕ್ಕೆ 30 ಕಿ.ಮೀ. ಮೀರಬಾರದು. ಕೇಳಿದವರೆಲ್ಲ ಮರವಂತೆ ಅಂತಾರೆ. ಸರೀನಾ? ಸೈಕಲ್‌ಗಳು: ಗೇರ್ ಇರೋ ಎಂಟಿಬಿ (ಮೌಂಟನ್ ಬೈಕ್) ಎರಡು, ಹೈಬ್ರಿಡ್ ಒಂದು, ಉಳಿದ ಮೂರು ಗೇರ್ ಇಲ್ಲದ ಸಾದಾ ಸೈಕಲ್.

ಮಟ್ಟಿನ ದಾರಿ | ಊರು ಉಡುಪಿ ಕಡೆ, ಇರುವುದು ದಾವಣಗೆರೆ

ಮರವಂತೆ ನೋಡ್ಲಿಕ್ಕೆ ಚಂದ, ಎರಡು ಮಾತಿಲ್ಲ. ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಆದ್ರೆ ಅವೆರಡರ ನಡುವೆ ಇರುವುದು ರಾಷ್ಟ್ರೀಯ ಹೆದ್ದಾರಿ 66. ಟ್ಯಾಂಕರ್, ಮೀನಿನ ಲಾರಿ, ಸ್ಲೀಪರ್ ಬಸ್ಸು ಎಲ್ಲ ಓಡುವುದು ಅಲ್ಲೇ. ಹನ್ನೊಂದು ವರ್ಷದ ಮಕ್ಕಳನ್ನು ಅಲ್ಲಿ ಸೈಕಲ್ ಮೇಲೆ ಬಿಡ್ಬೇಡಿ ಮಾರಾಯ್ರೆ. ಕಾರಲ್ಲಿ ಹೋಗಿ, ಇಳಿದು ನೋಡಿ ಬನ್ನಿ, ಅಷ್ಟೇ.

ನಿಮಗೆ ಬೇಕಾದದ್ದು ಮಲ್ಪೆ ಪಡುಕೆರೆಯಿಂದ ಮಟ್ಟು, ಕೈಪುಂಜಾಲು ಆಗಿ ಕಾಪು ದೀಪಸ್ತಂಭದವರೆಗಿನ ಒಳದಾರಿ. ಪಡುವಣಕ್ಕೆ ಕಡಲು, ಮೂಡಣಕ್ಕೆ ಉದ್ಯಾವರ ಹೊಳೆ, ನಡುವೆ ತೆಂಗಿನ ತೋಟ, ಮನೆಗಳು. ಕೆಲವು ಕಡೆ ನೆಲ ಎಷ್ಟು ಸಪೂರ ಅಂದ್ರೆ ಸೈಕಲ್ ನಿಲ್ಲಿಸಿ ಕತ್ತು ತಿರುಗಿಸಿದ್ರೆ ಹೊಳೆಯೂ ಕಾಣ್ತದೆ, ಅಲೆಯೂ ಕಾಣ್ತದೆ. ಒಂದು ಕಡೆಗೆ ಸುಮಾರು 15 ಕಿ.ಮೀ. ಏರು ಅಂತ ಹೇಳುವುದಾದ್ರೆ ಮಲ್ಪೆ–ಪಡುಕೆರೆ ಸೇತುವೆ ಒಂದೇ. ಆ ತುದಿಯಲ್ಲಿ ಕಾಪು ದೀಪಸ್ತಂಭ, 1901ರದ್ದು, ಬಂಡೆಯ ಮೇಲೆ ನಿಂತಿದೆ. ಗೇರ್ ಇಲ್ಲದ ಸೈಕಲ್ ಧಾರಾಳ ಸಾಕು.

ಯಾರಿಗಾದರೂ ನಡುವೆ ಸುಸ್ತಾದ್ರೆ ಮಟ್ಟುವಿನಲ್ಲಿ ಸೇತುವೆ ದಾಟಿ ಕಟಪಾಡಿಗೆ ಬನ್ನಿ. ಅದು ಹೆದ್ದಾರಿಯ ಊರು, ರಿಕ್ಷಾ, ಬಸ್ಸು ಸಿಗ್ತದೆ. ಹೊರಡುವ ಮೊದಲೇ ಆ ಅಡ್ಡದಾರಿಯನ್ನು ಮೊಬೈಲ್ ನಕ್ಷೆಯಲ್ಲಿ ಗುರುತು ಹಾಕಿಡಿ.

ಕೋಟೆ ಕಲ್ಲು | ಚಿತ್ರದುರ್ಗ

ದಾರಿ ಸರಿ ಹೇಳಿದ್ರಿ ಸರ್. ಆದ್ರೆ ಯಾವ ಕಡೆಯಿಂದ ಹೊರಡಬೇಕು ಅನ್ನೋದು ದಾರಿಯಷ್ಟೇ ಮುಖ್ಯ. ಬಹಳ ಜನ ಮಲ್ಪೆಯಲ್ಲಿ ಗಾಡಿ ನಿಲ್ಲಿಸಿ ಕಾಪು ಕಡೆ ಹೋಗ್ತಾರೆ, ವಾಪಸ್ ಬರುವಾಗ ಹೈರಾಣಾಗ್ತಾರೆ. ಯಾಕೆ ಅಂದ್ರೆ ಗಾಳಿ.

ಬೆಳಗಿನ ಜಾವ ನೆಲ ತಣ್ಣಗಿರ್ತದೆ, ನೀರು ಬೆಚ್ಚಗಿರ್ತದೆ. ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸ್ತದೆ. ಬಿಸಿಲೇರಿದಂತೆ ನೆಲ ಬೇಗ ಕಾಯ್ತದೆ, ಹನ್ನೊಂದು ಹನ್ನೆರಡರ ಹೊತ್ತಿಗೆ ಗಾಳಿ ತಿರುಗಿ ಕಡಲಿಂದ ಒಳಕ್ಕೆ ನುಗ್ಗುತ್ತೆ. ಚಳಿಗಾಲದಲ್ಲಿ ನಮ್ಮ ಕರಾವಳಿಗೆ ಅದು ಪಶ್ಚಿಮದಿಂದ, ಹೆಚ್ಚಾಗಿ ವಾಯವ್ಯದಿಂದ ಬರ್ತದೆ. ಆ ಹೊತ್ತಲ್ಲಿ ಉತ್ತರಕ್ಕೆ ಮುಖ ಮಾಡಿದವನಿಗೆ ಎದುರುಗಾಳಿ, ದಕ್ಷಿಣಕ್ಕೆ ಹೋಗೋನಿಗೆ ಬೆನ್ನಗಾಳಿ.

ಲೆಕ್ಕ ನೋಡ್ರಿ: ಗಂಟೆಗೆ 12 ಕಿ.ಮೀ. ವೇಗದಲ್ಲಿರೋ ಸೈಕಲ್‌ಗೆ ಎದುರಿಂದ 12 ಕಿ.ಮೀ. ಗಾಳಿ ಬಂದ್ರೆ ಮೈಗೆ ತಾಗೋದು 24. ಗಾಳಿಯ ತಡೆ ದುಪ್ಪಟ್ಟಲ್ಲ, ನಾಲ್ಕು ಪಟ್ಟು. ಗೇರ್ ಇಲ್ಲದ ಸೈಕಲ್ ತುಳಿಯೋ ಹುಡುಗ ಅಲ್ಲೇ ಕೂತ್ಕೋತಾನೆ. ಅದಕ್ಕೆ ಕಾಪುವಿನಿಂದ ಶುರು ಮಾಡಿ, ಗಾಳಿ ಇಲ್ಲದ ಹೊತ್ತಲ್ಲಿ ಉತ್ತರಕ್ಕೆ ಹೋಗಿ, ಗಾಳಿ ಎದ್ದ ಮೇಲೆ ಅದನ್ನ ಬೆನ್ನಿಗೆ ಹಾಕ್ಕೊಂಡು ಬರ್ರಿ.

ಮಟ್ಟಿನ ದಾರಿ | ಊರು ಉಡುಪಿ ಕಡೆ, ಇರುವುದು ದಾವಣಗೆರೆ

ಒಪ್ಪಿದೆ. ಇನ್ನೊಂದು ಕಾರಣವೂ ಉಂಟು. ಬೆಳಿಗ್ಗೆ ಮಲ್ಪೆ ಬಂದರು ಗಿಜಿಗಿಜಿ. ಮೀನಿನ ಲಾರಿಗಳಿಂದ ಐಸಿನ ನೀರು ರಸ್ತೆಗೆ ಸೋರುತ್ತಾ ಹೋಗ್ತದೆ. ನೋಡ್ಲಿಕ್ಕೆ ಬರೀ ಒದ್ದೆ, ಆದ್ರೆ ಅದರಲ್ಲಿ ಮೀನಿನ ಜಿಡ್ಡು ಇರ್ತದೆ. ತಿರುವಿನಲ್ಲಿ ಬ್ರೇಕ್ ಹಿಡಿದ್ರೆ ಮುಂದಿನ ಚಕ್ರ ಜಾರಿಯೇ ಜಾರ್ತದೆ. ಸೇತುವೆ ಹತ್ತಲೇ ಬೇಡಿ, ಪಡುಕೆರೆ ಬದಿಯಲ್ಲೇ ತಿರುಗಿ. ನಿಮಗಿದ್ದ ಒಂದು ಏರೂ ತಪ್ಪಿತು, ಬಂದರೂ ತಪ್ಪಿತು.

ಆದ್ರೆ ಆಗ ಮಲ್ಪೆಯ ಹೋಟೆಲು ಸಿಗುವುದಿಲ್ಲ. ನಡುವೆ ಸಣ್ಣ ಅಂಗಡಿಗಳು ಮಾತ್ರ. ತಿಂಡಿ, ನೀರು ಕೈಯಲ್ಲಿರಲಿ.

ಜಾಲಿಮುಳ್ಳು | ಜಗಳೂರು

ಪಂಕ್ಚರ್ ಬಗ್ಗೆ ಯಾರೂ ಮಾತಾಡಿಲ್ಲ. ಅಲ್ಲಿ ಆಗೋ ಅರ್ಧ ಪಂಕ್ಚರ್ ಇಲ್ಲಿಂದಲೇ ಹೊತ್ತುಕೊಂಡು ಹೋಗಿರೋದು.

ನಮ್ಮ ಕಡೆ ರಸ್ತೆ ಬದಿಗೆಲ್ಲ ಬಳ್ಳಾರಿ ಜಾಲಿ. ಮುಳ್ಳು ಟಯರ್‌ಗೆ ಹೊಕ್ಕ ಮೇಲೆ ಹೊರಗಿನ ಭಾಗ ಮುರಿದು ಬೀಳ್ತೈತಿ, ತುದಿ ಮಾತ್ರ ರಬ್ಬರಿನ ಒಳಗೆ ಕುಂತಿರ್ತೈತಿ. ಹೊರಗಿಂದ ನೋಡಿದ್ರೆ ಏನೂ ಕಾಣಲ್ಲ. ಹತ್ತು ಕಿ.ಮೀ. ತುಳಿದು ಟಯರ್ ಒತ್ತಿದಾಗೊಮ್ಮೆ ಟ್ಯೂಬಿಗೆ ಚುಚ್ಚಿ ಚುಚ್ಚಿ ಸಣ್ಣಗೆ ಗಾಳಿ ಬಿಡ್ತೈತಿ. ಟ್ಯೂಬ್ ಬದಲಾಯಿಸಿದ್ರೂ ಅರ್ಧ ತಾಸಿಗೆ ಅದೇ ಜಾಗದಾಗೆ ಮತ್ತೆ ಪಂಕ್ಚರ್. ಜನ ಟ್ಯೂಬಿಗೆ ಬೈತಾರೆ.

ಹೊರಡೋ ವಾರ ಮುಂಚೆ ಹೀಗೆ ಮಾಡ್ರಿ. ಟಯರ್ ಪೂರ್ತಿ ಬಿಚ್ಚಿ, ಒಳಮೈ ಹೊರಗೆ ಬರೋ ಹಂಗೆ ತಿರುವಿ. ಒಂದು ಹಿಡಿ ಹತ್ತಿ ತಗೊಂಡು ಒಳಮೈ ಮೇಲೆ ನಿಧಾನಕ್ಕೆ ಒಂದು ಸುತ್ತು ಎಳೀರಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ತೈತೋ ಅಲ್ಲಿ ಮುಳ್ಳಿನ ತುದಿ ಐತಿ. ಬರಿಗೈಯಲ್ಲಿ ಸವರಬ್ಯಾಡ್ರಿ, ಉಗುರುಸಂದಿಗೆ ಹೊಕ್ಕರೆ ವಾರ ನೋವು. ಮೊಂಡು ಸೂಜಿಯಿಂದ ಒಳಗಿಂದ ಹೊರಕ್ಕೆ ದಬ್ಬಿ, ಹೊರಗಿಂದ ಚಿಮ್ಮಟದಲ್ಲಿ ಎಳೀರಿ.

ಕಡಲ ಕಡೆ ಮುಳ್ಳು ಕಮ್ಮಿ, ಬದಲಿಗೆ ಚಿಪ್ಪಿನ ಚೂರು, ಬಾಟಲಿ ಗಾಜು, ಒಮ್ಮೊಮ್ಮೆ ಗಾಳದ ಕೊಕ್ಕೆ. ಆರು ಸೈಕಲ್‌ಗೆ ಅಳತೆವಾರು ಒಂದೊಂದು ಟ್ಯೂಬ್, ಒಂದು ಪಂಪು, ಎರಡು ಟಯರ್ ಲಿವರ್, ಪ್ಯಾಚು, ಸಲ್ಯೂಷನ್, ಮರಳು ಕಾಗದ ಸಾಕು. ಸಲ್ಯೂಷನ್ ಹಚ್ಚಿದ ಕೂಡ್ಲೇ ಪ್ಯಾಚ್ ಅಂಟಿಸಬ್ಯಾಡ್ರಿ. ಇಲ್ಲಿ ಐದು ನಿಮಿಷಕ್ಕೆ ಒಣಗ್ತೈತಿ, ಅಲ್ಲಿನ ಹಸಿ ಹವಾಕ್ಕೆ ಇನ್ನೂ ತಡ. ಬೆರಳ ಹಿಂಭಾಗ ಮುಟ್ಟಿದ್ರೆ ಅಂಟಬಾರದು, ಆಗ ಒತ್ತಬೇಕು. ಹಸಿ ಇದ್ದಾಗ ಅಂಟಿಸಿದ ಪ್ಯಾಚೇ ಬಿಸಿಲಿಗೆ ಬಿಟ್ಟುಕೊಳ್ಳೋದು.

ಪಿಜೆ ಬಡಾವಣೆ ಪೆಡಲ್ | ದಾವಣಗೆರೆ

ಹತ್ತಿ ವಿಷಯ ಗೊತ್ತೇ ಇರಲಿಲ್ಲ. ಗಾಳಿ ಎಷ್ಟು ಹಾಕಬೇಕು? ಕಾರಿನ ಮೇಲೆ ಬಿಸಿಲಲ್ಲಿ ಹೋದ್ರೆ ಟಯರ್ ಸಿಡಿಯುತ್ತೆ, ಅರ್ಧ ಇಳಿಸಿ ಅಂತ ಒಬ್ಬರು ಹೇಳಿದ್ರು.

ಫ್ರೀವೀಲ್ | ಹರಿಹರ

ಸಿಡಿಯಲ್ಲ. 25 ಡಿಗ್ರಿಯಲ್ಲಿ 40 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ತುಂಬಿದ ಟಯರ್ 55 ಡಿಗ್ರಿಗೆ ಕಾದ್ರೆ 45ರ ಆಸುಪಾಸಿಗೆ ಏರುತ್ತೆ, ಅಷ್ಟೇ. ಸಿಡಿಯೋದು ಗೋಡೆ ಸವೆದ ಹಳೇ ಟಯರ್, ಇಲ್ಲಾ ರಿಮ್ಮಿನ ಅಂಚಿಗೆ ಸರಿಯಾಗಿ ಕೂರದ ಟಯರ್. ಗಾಳಿ ಇಳಿಸಿ ಒಯ್ದು, ಅಲ್ಲಿ ತುಂಬೋದು ಮರೆತು ಹೊರಟರೆ ಟ್ಯೂಬ್ ರಿಮ್ಮಿಗೆ ಜಜ್ಜಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತೆ.

ಒತ್ತಡ, ಪಿಎಸ್‌ಐ ಲೆಕ್ಕದಲ್ಲಿ: ಟಯರ್ ಅಳತೆ 26×1.95 ಇರೋ ಎಂಟಿಬಿಗೆ 65–70 ಕೆ.ಜಿ. ಸವಾರನಿದ್ದರೆ 38–40. ಹುಡುಗರು 35 ಕೆ.ಜಿ. ಇದ್ದರೆ 30 ಸಾಕು, ಜಾಸ್ತಿ ಆದ್ರೆ ಅವರ ಕೈ ನಡುಗುತ್ತೆ. ಹೈಬ್ರಿಡ್ 700×38 ಇದ್ದರೆ 50–55. ಸಾದಾ ಸೈಕಲ್‌ಗೆ ಟಯರ್ ಗೋಡೆ ಮೇಲೆ ಅಚ್ಚು ಹಾಕಿರೋ ಗರಿಷ್ಠಕ್ಕಿಂತ ಐದು ಕಮ್ಮಿ. ಎಲ್ಲಕ್ಕೂ ಹಿಂದಿನ ಚಕ್ರಕ್ಕೆ ಎರಡು ಮೂರು ಜಾಸ್ತಿ ಇರ್ಲಿ, ಭಾರ ಬೀಳೋದು ಅಲ್ಲಿ. ಪೆಟ್ರೋಲ್ ಬಂಕಿನ ಗಾಳಿ ಪೈಪಲ್ಲಿ ಸೈಕಲ್ ಟ್ಯೂಬ್ ತುಂಬಬೇಡಿ. ಎರಡು ಸೆಕೆಂಡಿಗೆ ಮಿತಿ ದಾಟುತ್ತೆ, ಆಗ ನಿಜವಾಗಿ ಸಿಡಿಯುತ್ತೆ.

ಸಾಗಿಸೋದು. ದಾವಣಗೆರೆಯಿಂದ ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮೇಲೆ ಉಡುಪಿ ಸುಮಾರು 240 ಕಿ.ಮೀ. ಆರು ತಾಸು ಇಟ್ಕೊಳ್ಳಿ. ಹಿಂಬಾಗಿಲ ರ‍್ಯಾಕ್ ಆದ್ರೆ ಪಟ್ಟಿಗಳನ್ನ ಮೊದಲ 20 ಕಿ.ಮೀ. ಆದ ಮೇಲೆ ಒಮ್ಮೆ ಬಿಗಿ ಮಾಡಿ. ಹೊಸ ಪಟ್ಟಿ ಎಳೆ ಹಿಗ್ಗಿ ಸಡಿಲ ಆಗೋದು ಅಲ್ಲೇ. ಮತ್ತೊಮ್ಮೆ ಆಗುಂಬೆಯಲ್ಲಿ, ಘಾಟಿ ಇಳಿಯೋ ಮುಂಚೆ. ಅಲ್ಲಿನ 14 ಹೇರ್‌ಪಿನ್ ತಿರುವಿನಲ್ಲಿ ಭಾರ ಆ ಕಡೆ ಈ ಕಡೆ ವಾಲುತ್ತೆ.

ಡಿಸ್ಕ್ ಬ್ರೇಕ್ ಸೈಕಲ್‌ನ ಚಕ್ರ ಬಿಚ್ಚಿ ಒಳಗೆ ಹಾಕ್ತೀರಿ ಅಂದ್ರೆ ಬ್ರೇಕ್ ಪ್ಯಾಡುಗಳ ನಡುವೆ ದಪ್ಪ ರಟ್ಟಿನ ಚೂರು ಸಿಗಿಸಿ. ಹೈಡ್ರಾಲಿಕ್ ಬ್ರೇಕಾದ್ರೆ ಚಕ್ರ ಇಲ್ಲದಾಗ ಮಕ್ಕಳು ಲಿವರ್ ಒತ್ತಿಬಿಟ್ರೆ ಪ್ಯಾಡು ಒಂದಕ್ಕೊಂದು ಅಂಟಿ, ಕಾಪುವಿನಲ್ಲಿ ಡಿಸ್ಕ್ ಒಳಗೇ ಹೋಗಲ್ಲ. ಮಲಗಿಸಿ ಇಡೋದಾದ್ರೆ ಚೈನಿನ ಕಡೆ ಮೇಲೆ ಬರಬೇಕು. ಗೇರ್ ಬದಲಿಸೋ ಹಿಂದಿನ ಡಿರೈಲರ್ ಅನ್ನು ಫ್ರೇಮಿಗೆ ಹಿಡಿಯೋ ಹ್ಯಾಂಗರ್ ಮೆತ್ತಗಿನ ಅಲ್ಯುಮಿನಿಯಂ, ಇನ್ನೊಂದು ಸೈಕಲಿನ ಭಾರಕ್ಕೇ ಬಗ್ಗುತ್ತೆ. ಬಗ್ಗಿದ್ರೆ ದೊಡ್ಡ ಗೇರಿಗೆ ಹಾಕಿದ ಕೂಡ್ಲೇ ಡಿರೈಲರ್ ಚಕ್ರದ ಕಡ್ಡಿಗೆ ಸಿಕ್ಕಿ ಮುರಿಯುತ್ತೆ. ಪೆಡಲ್ ಬಿಚ್ಚುವಾಗ ಎಡಗಡೆಯದು ಉಲ್ಟಾ ಥ್ರೆಡ್ ಅನ್ನೋದು ನೆನಪಿರ್ಲಿ. ಗಡಿಯಾರದ ದಿಕ್ಕಿಗೆ ತಿರುಗಿಸಿದ್ರೆ ಬಿಚ್ಚುತ್ತೆ.

ಕೋಟೆ ಕಲ್ಲು | ಚಿತ್ರದುರ್ಗ

ಬಸ್ಸಲ್ಲಿ ಒಯ್ಯೋ ಯೋಚನೆ ಇದ್ರೆ ಬಿಡ್ರಿ. ಹೊಸ ಬಸ್ಸುಗಳಲ್ಲಿ ಬಹಳಷ್ಟಕ್ಕೆ ಮೇಲೆ ಕ್ಯಾರಿಯರ್ ಇರಲ್ಲ, ಕೆಳಗಿನ ಡಿಕ್ಕಿಯಲ್ಲಿ ಆರು ಸೈಕಲ್ ಹಿಡಿಯಲ್ಲ.

ಹೊಸ ಸವಾರ | ದಾವಣಗೆರೆ

ಕಾಪು ಬೀಚಲ್ಲಿ ಮರಳ ಮೇಲೇ ಸೈಕಲ್ ಓಡಿಸಬಹುದಲ್ಲ? ರೀಲ್ಸಲ್ಲಿ ನೀರಂಚಿಗೆ ಓಡಿಸ್ತಾರೆ, ಏನು ಚೆನ್ನಾಗಿರುತ್ತೆ!

ಮಟ್ಟಿನ ದಾರಿ | ಊರು ಉಡುಪಿ ಕಡೆ, ಇರುವುದು ದಾವಣಗೆರೆ

ಇಳಿತದ ಹೊತ್ತಿಗೆ ನೀರು ಹಿಂದೆ ಸರಿದ ಜಾಗದ ಒದ್ದೆ ಮರಳು ಗಟ್ಟಿ ಇರ್ತದೆ, ಓಡ್ತದೆ. ಮೇಲಿನ ಒಣ ಮರಳಲ್ಲಿ ಮುಂದಿನ ಚಕ್ರ ಹೂತು ಮಗುಚಿ ಬೀಳ್ತೀರಿ. ಇಳಿತ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತದೆ. ಶನಿವಾರ ಏಳಕ್ಕೆ ಇದ್ದದ್ದು ಭಾನುವಾರ ಏಳಕ್ಕೇ ಇರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಹೆಚ್ಚು ಏರ್ತದೆ, ಹೆಚ್ಚು ಇಳಿತದೆ.

ಆದ್ರೂ ನನ್ನ ಮಾತು ಕೇಳಿದ್ರೆ ಬೇಡ. ರೀಲ್ಸಿನವರು ಮನೆಗೆ ಹೋಗಿ ಚೈನ್ ಉಜ್ಜುವುದನ್ನು ತೋರಿಸುವುದಿಲ್ಲ. ನೀರಿನ ಸಿಡಿತದ ಜೊತೆ ಮರಳು ಚೈನಿಗೆ, ಚಕ್ರದ ನಡುವಿನ ಹಬ್ಬಿಗೆ, ಪೆಡಲ್ ತಿರುಗುವ ಬಿಬಿ ಬೇರಿಂಗಿಗೆ ಹೋಗ್ತದೆ. ರಿಮ್ ಬ್ರೇಕಿನ ರಬ್ಬರಿಗೆ ಕೂತ ಮರಳು ರಿಮ್ಮನ್ನು ಅರದ ಹಾಗೆ ಕೆರೆಯುತ್ತದೆ. ಮರಳ ಮೇಲೆ ನಡೆಯಿರಿ, ಸೈಕಲ್ ರಸ್ತೆಯಲ್ಲಿರಲಿ.

ರಸ್ತೆಗೂ ಗಾಳಿಗೆ ಮರಳು ಹಾರಿ ಬಂದು ಕೂತಿರ್ತದೆ. ತೆಳು ಹಾಸು ಕಂಡ್ರೆ ಮೊದಲೇ ವೇಗ ಇಳಿಸಿ, ಅದರ ಮೇಲೆ ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ, ಮೆಲ್ಲ ತುಳಿಯುತ್ತಾ ನೇರ ದಾಟಿ. ಮಕ್ಕಳಿಗೆ ಇದೊಂದನ್ನು ಮೊದಲೇ ಹೇಳಿಕೊಡಿ.

ಇನ್ನೆರಡು ಸಂಗತಿ. ದಾರಿ ಬದಿ ಬಲೆ ಒಣಗ್ಲಿಕ್ಕೆ ಹಾಕಿರ್ತಾರೆ, ಕತ್ತರಿಸಿದ ನೈಲಾನ್ ದಾರದ ತುಂಡು ರಸ್ತೆಯಲ್ಲಿ ಬಿದ್ದಿರ್ತದೆ. ಅದು ಹಿಂದಿನ ಹಬ್ಬಿಗೂ ಫ್ರೀವೀಲಿಗೂ ನಡುವೆ ಸುತ್ತಿಕೊಂಡ್ರೆ ಚಕ್ರ ಬಿಗಿದು ನಿಲ್ತದೆ, ಬ್ಲೇಡ್ ಹಾಕಿಯೇ ಕೊಯ್ಯಬೇಕು. ತೆಂಗಿನ ಸೋಗೆ ಬಿದ್ದಿದ್ರೆ ಅದರ ಮೇಲೆ ಹಾಯಿಸ್ಬೇಡಿ, ಗರಿಯ ಕಡ್ಡಿ ಸ್ಪೋಕಿಗೆ ಹೋಗ್ತದೆ. ಸೈಕಲ್ ನಿಲ್ಲಿಸುವಾಗ ತಲೆ ಎತ್ತಿ ನೋಡಿ, ಕಾಯಿ ಇರುವ ಮರದ ಬುಡ ಬೇಡ. ಕಡಲ್ಕೊರೆತಕ್ಕೆ ಹಾಕಿದ ಕಲ್ಲುಗಳ ಮೇಲೆ ಪಾಚಿ ಇರ್ತದೆ, ಫೋಟೋಕ್ಕೆ ಅಂತ ಮಕ್ಕಳು ಹತ್ತುವುದು ಬೇಡ.

ಮಟ್ಟುವಿನಲ್ಲಿ ನಿಂತ್ರೆ ಗದ್ದೆ ಕಡೆ ಒಮ್ಮೆ ನೋಡಿ, ತಿಳಿ ಹಸಿರಿನ ಗುಂಡು ಬದನೆ ಕಾಣ್ತದೆ. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ ಮಟ್ಟುಗುಳ್ಳ ಅದೇ. ನಿಮ್ಮ ಎಣ್ಣೆಗಾಯಿಗೂ ಆಗ್ತದೆ, ನಮ್ಮವರು ಕೇಳಿದ್ರೆ ಬೈದಾರು.

ಸೂಳೆಕೆರೆ ಏರಿ | ಚನ್ನಗಿರಿ

ಹೋಗೋ ಮುಂಚೆ ಒಂದು ತಾಲೀಮು ಬೇಕು. ಕೊಂಡಜ್ಜಿ ಹೋಗಿ ಬಂದ್ರೆ 28–30 ಕಿ.ಮೀ. ಆಗುತ್ತೆ, ದೂರದ ಲೆಕ್ಕಕ್ಕೆ ಅದೇ ಸಾಕು. ಆದ್ರೆ ಬಯಲು ನೀರಿನ ಮೇಲಿಂದ ಬರೋ ಅಡ್ಡಗಾಳಿ ಅಲ್ಲಿ ಅಷ್ಟು ಸಿಗಲ್ಲ. ಅದಕ್ಕೆ ನಮ್ಮ ಸೂಳೆಕೆರೆಗೆ ಒಮ್ಮೆ ಬನ್ನಿ. ಎರಡು ಗುಡ್ಡದ ನಡುವಿನ ಏರಿ ಮೇಲೆ ಮಧ್ಯಾಹ್ನ ಹುಡುಗರನ್ನ ಎರಡು ಸಲ ಓಡಾಡಿಸಿ. ಗಾಳಿ ಒಮ್ಮೆಗೇ ತಳ್ಳಿದಾಗ ಹ್ಯಾಂಡಲ್ ಬಿಗಿ ಹಿಡಿದ್ರೆ ಸೈಕಲ್ ಓಲಾಡುತ್ತೆ, ಮೊಣಕೈ ಸಡಿಲ ಬಿಟ್ಟು ಸ್ವಲ್ಪ ಬಗ್ಗಿದ್ರೆ ನೇರ ಹೋಗುತ್ತೆ. ಇದು ಹೇಳಿದ್ರೆ ಬರಲ್ಲ, ಗಾಳಿಯಲ್ಲೇ ಕಲೀಬೇಕು.

ಕರಾವಳಿಯ ಕಷ್ಟ ದೂರದ್ದಲ್ಲ, ಬೆವರಿಂದು. ನಮ್ಮ ಒಣ ಹವಾದಲ್ಲಿ ಬೆವರು ಆರಿ ಮೈ ತಣ್ಣಗಾಗುತ್ತೆ. ಅಲ್ಲಿ ಗಾಳಿಯಲ್ಲೇ ನೀರಿರೋದ್ರಿಂದ ಬೆವರು ಸುರಿಯುತ್ತೆ, ಆರಲ್ಲ, ಮೈ ಕಾಯುತ್ತೆ. ದೊಡ್ಡವರಿಗೆ ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಬಾಯಾರೋ ತನಕ ಕಾಯದೆ ಹದಿನೈದು ನಿಮಿಷಕ್ಕೆ ನಾಲ್ಕು ಗುಟುಕು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿದ ಬಾಟಲಿ ಎರಡು ಇರ್ಲಿ. ಉಪ್ಪು ಜಾಸ್ತಿ ಹಾಕಬೇಡಿ, ಮಕ್ಕಳಿಗೆ ವಾಂತಿ ಆಗುತ್ತೆ. ಬಿಪಿ, ಸಕ್ಕರೆ ಕಾಯಿಲೆ ಇರೋ ಹಿರಿಯರು ಡಾಕ್ಟರ್ ಹತ್ರ ಕೇಳಿ ಕುಡಿಯಲಿ.

ಕೋಟೆ ಕಲ್ಲು | ಚಿತ್ರದುರ್ಗ

ಸವಾರಿ ಮುಗಿದ ಮೇಲೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋದಾದ್ರೆ ಹುಡುಗರಿಗೆ ಒಂದು ಮಾತು ಹೇಳ್ರಿ. ಅಲ್ಲಿನ ಕಂಬದಂಥ ಕಲ್ಲುಗಳು ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ ಲಾವಾ, ಸುಮಾರು 8.8 ಕೋಟಿ ವರ್ಷ ಹಳೇದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮ ಜಿಲ್ಲೆ ಮರಡಿಹಳ್ಳಿಯ ದಿಂಬು ಲಾವಾನೂ ಅಂಥದ್ದೇ ಸ್ಮಾರಕ, ಅದು 250 ಕೋಟಿ ವರ್ಷದ ಆಸುಪಾಸಿನದು. ದಿಂಬಿನ ಆಕಾರ ಬರೋದು ಲಾವಾ ನೀರೊಳಗೆ ಉಕ್ಕಿದ್ರೆ ಮಾತ್ರ. ದುರ್ಗದಾಗೂ ಒಂದು ಕಾಲಕ್ಕೆ ಸಮುದ್ರ ಇತ್ತು ಅಂದಂಗಾಯ್ತು. ನಾವು ಸ್ವಲ್ಪ ಲೇಟಾಗಿ ಹುಟ್ಟಿದ್ವಿ.

ಫ್ರೀವೀಲ್ | ಹರಿಹರ

ವಾಪಸ್ ಬಂದ ಮೇಲಿನ ಕೆಲಸ ಹೇಳಿಬಿಡ್ತೀನಿ, ಯಾಕಂದ್ರೆ ಅಂಗಡಿಗಳಿಗೆ ಹೆಚ್ಚು ಬರೋದು ಇದೇ ಕೇಸು. ಕಡಲ ಕಡೆ ಹೋಗಿ ಬಂದ ಸೈಕಲ್ ಹದಿನೈದು ದಿನಕ್ಕೆ ಕಿರ್ ಕಿರ್ ಅನ್ನುತ್ತೆ. "ನೀರಿಗೇ ಇಳಿಸಿಲ್ಲ, ಹೆಂಗೆ ತುಕ್ಕು?" ಅಂತಾರೆ. ಅಲೆ ಒಡೆದಾಗ ಏಳೋ ಸಣ್ಣ ಹನಿ ಗಾಳಿಯಲ್ಲಿ ಬಂದು ಕೂರುತ್ತೆ, ನೀರು ಆರಿ ಉಪ್ಪು ಉಳಿಯುತ್ತೆ. ಉಪ್ಪು ಗಾಳಿಯ ತೇವ ಎಳ್ಕೊಳ್ಳುತ್ತೆ. ದಾವಣಗೆರೆ ಒಣ ಊರಾದ್ರೂ ಬೆಳಗಿನ ಇಬ್ಬನಿ ಸಾಕು, ತುಕ್ಕಿನ ಕೆಲಸ ನಡೀತಾನೇ ಇರುತ್ತೆ.

ಅದೇ ದಿನ ಸಂಜೆ ಉಳ್ಕೊಂಡ ಜಾಗದಲ್ಲಿ ಒಂದು ಸೈಕಲ್‌ಗೆ ಒಂದು ಬಕೆಟ್ ಸಿಹಿನೀರು. ಮಗ್ಗಿನಿಂದ ಮೇಲಿಂದ ಕೆಳಕ್ಕೆ ಸುರೀರಿ. ಗಾಡಿ ಸರ್ವೀಸ್ ಮಾಡೋ ಪ್ರೆಶರ್ ಪೈಪ್ ಬೇಡ, ಅದು ಬೇರಿಂಗಿನ ಗ್ರೀಸ್ ತೆಗೆದು ಉಪ್ಪುನೀರು ಒಳಗೆ ತುಂಬುತ್ತೆ. ಚೈನಿಗೆ ಹಳೇ ಹಲ್ಲುಜ್ಜೋ ಬ್ರಷ್, ಪಾತ್ರೆ ಸೋಪು. ಒಣ ಬಟ್ಟೆಯಲ್ಲಿ ಚೈನ್ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸ್ತಾ ಒರೆಸಿ. ಡಬ್ಲ್ಯೂಡಿ-40 ಹೊಡೆದ್ರೆ ಉಳಿದ ನೀರು ಹೊರಗೆ ಬರುತ್ತೆ, ಆದ್ರೆ ಅಲ್ಲಿಗೇ ನಿಲ್ಲಿಸಬೇಡಿ. ಮಾಮೂಲಿ ಡಬ್ಬಿಯದ್ದು ಚೈನಿಗೆ ಎಣ್ಣೆಯ ಕೆಲಸ ಮಾಡಲ್ಲ, ಎರಡು ದಿನಕ್ಕೆ ಹಾರಿ ಹೋಗುತ್ತೆ. ಪೂರ್ತಿ ಆರಿದ ಮೇಲೆ ಚೈನಿನ ಒಂದೊಂದು ಕೊಂಡಿಯ ರೋಲರಿಗೆ ಒಂದೊಂದು ಹನಿ ಚೈನ್ ಎಣ್ಣೆ, ಹತ್ತು ನಿಮಿಷ ಬಿಟ್ಟು ಹೊರಗಿನದ್ದು ಒರೆಸಿ. ಹೊರಗೆ ಎಣ್ಣೆ ಹೊಳೀತಿದ್ರೆ ಮರಳು ಅಂಟುತ್ತೆ. ಡಿಸ್ಕಿಗೆ ಎಣ್ಣೆ ಸಿಡಿಯದ ಹಾಗೆ ಬಟ್ಟೆ ಸುತ್ತಿರಿ.

ಹೊರಡೋ ಮುಂಚೆ ಮಾಡಬೇಕಾದ್ದು ಒಂದಿದೆ: ಸೀಟ್ ಪೈಪು ಹೊರಗೆ ತೆಗೆದು, ಒರೆಸಿ, ತೆಳುವಾಗಿ ಗ್ರೀಸ್ ಹಚ್ಚಿ ಹಾಕಿ. ಸ್ಟೀಲ್ ಫ್ರೇಮಿನೊಳಗೆ ಅಲ್ಯುಮಿನಿಯಂ ಪೈಪಿದ್ದು ಉಪ್ಪು ಸೇರಿದ್ರೆ ಎರಡೂ ಒಂದಕ್ಕೊಂದು ಕಚ್ಚಿಕೊಳ್ತವೆ. ಬೆಳೆಯೋ ಹುಡುಗರ ಸೈಕಲ್ಲು, ಆರು ತಿಂಗಳಿಗೆ ಸೀಟ್ ಎತ್ತಬೇಕು. ಆಗ ಪೈಪ್ ಅಲ್ಲಾಡಲ್ಲ, ಗರಗಸವೇ ಗತಿ.

ಪಿಜೆ ಬಡಾವಣೆ ಪೆಡಲ್ | ದಾವಣಗೆರೆ

ಎಲ್ಲಾ ಬರ್ಕೊಂಡೆ. ಹಿಂದಿನ ದಿನವೇ ಹೋಗಿ ಕಾಪುವಿನಲ್ಲಿ ಉಳಿಯೋದು, ಬೆಳಿಗ್ಗೆ ಎಂಟಕ್ಕೆ ಹೊರಡೋದು, ಪಡುಕೆರೆಯಲ್ಲಿ ಸೇತುವೆಗೆ ಮುಂಚೆ ತಿರುಗೋದು, ಮಟ್ಟುವಿನಲ್ಲಿ ತಿಂಡಿ. ತಿಂಡಿಗೆ ಮಂಡಕ್ಕಿ ಒಗ್ಗರಣೆ ಹಾಕಿಸ್ಕೊಂಡು ಹೋಗ್ತೀವಿ. ಸರಿ ಇದೆಯಾ?

ಮಟ್ಟಿನ ದಾರಿ | ಊರು ಉಡುಪಿ ಕಡೆ, ಇರುವುದು ದಾವಣಗೆರೆ

ಎಂಟು ತಡ ಆಯ್ತು. ಡಿಸೆಂಬರ್ ಕೊನೆಗೆ ಅಲ್ಲಿ ಸೂರ್ಯ ಹುಟ್ಟುವುದು 6.50ರ ಆಸುಪಾಸು, ಆವಾಗ್ಲೇ ಪೆಡಲ್ ಮೇಲೆ ಕಾಲಿರಲಿ. ತಾಸಿಗೆ 10 ಕಿ.ಮೀ. ಹಿಡಿದ್ರೂ, ನಿಂತು ನೋಡುವುದು ಸೇರಿ ಒಂಬತ್ತಕ್ಕೆ ಪಡುಕೆರೆ. ಅಲ್ಲಿ ಬೊಂಡ (ಎಳನೀರು) ಕುಡಿದು, ಅರ್ಧ ತಾಸು ನೆರಳಲ್ಲಿ ಕೂತು ಹೊರಟ್ರೆ ಹನ್ನೊಂದೂವರೆಗೆ ವಾಪಸ್ ಕಾಪು. ಬೆನ್ನಗಾಳಿ ಕೊನೆಯ ಸ್ವಲ್ಪ ದೂರಕ್ಕೆ ಮಾತ್ರ ಸಿಕ್ಕೀತು, ಆದ್ರೆ ಮಕ್ಕಳು ಸುಸ್ತಾಗುವುದೂ ಅಲ್ಲಿಯೇ.

ಮಂಡಕ್ಕಿ ಒಗ್ಗರಣೆ ಹಾಕಿಸಿ ಒಯ್ಯಬೇಡಿ, ದಾರಿಯಲ್ಲೇ ಚರ್ಮದ ಹಾಗೆ ಆಗ್ತದೆ. ಒಣ ಮಂಡಕ್ಕಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಖಾರ ಬೇರೆ ಪೊಟ್ಟಣದಲ್ಲಿ. ಮುಚ್ಚಳ ತೆಗೆದ ಮೇಲೆ ಬೇಗ ಬೇಗ ತಿನ್ನಿ.

ಜಾಲಿಮುಳ್ಳು | ಜಗಳೂರು

ಮೆಣಸಿನಕಾಯಿ ಬಜ್ಜಿ ಹೊತ್ಕೊಂಡು ಹೋಗಬ್ಯಾಡ್ರಿ, ಅಲ್ಲಿ ಗೋಳಿಬಜೆ ಸಿಗ್ತೈತಿ. ಹತ್ತಿ ಮರೀಬ್ಯಾಡ್ರಿ.